ಪಿಡಿಎಫ್ ಒಳಗಿನ ಮಾವ

ನಮ್ಮ ಕಸುಬಿನಲ್ಲಿ ಏನಾದರೊಂದು ಎಡವಟ್ಟು ನಡೆಯದೆ ಕಳೆದ ದಿನ ಅಂದರೆ ಅದು ಕರೆಂಟು ಹೋಗಿದ್ದ ದಿನ ಅಂತಲೇ ತಿಳಿಯಬೇಕು. ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಕರಪತ್ರ, ಸಂಘದ ವರದಿ, ಏನು ಬಂದರೂ ಕಂಪ್ಯೂಟರಿನಲ್ಲಿ ಪುಟ ಕಟ್ಟಿ ಕೊಡುತ್ತೇನೆ. ಅಚ್ಚು ಹಾಕುವುದು ಮಾತ್ರ ಟಿ. ನರಸೀಪುರದಲ್ಲಿರುವ ನನ್ನ ಭಾವಮೈದನ ಪ್ರೆಸ್ಸಿನಲ್ಲಿ. ನನಗೆ ಸಿಟ್ಟು ಜಾಸ್ತಿ ಅಂತ ಊರಲ್ಲಿ ಮಾತಿದೆ. ಹಾಗನ್ನುವವರು ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಲಿ. ಸಾಕ್ಷಾತ್ ಶ್ರೀಕಂಠೇಶ್ವರನೇ ಕೂತರೂ ಮಧ್ಯಾಹ್ನದ ಹೊತ್ತಿಗೆ ಮೂರನೇ ಕಣ್ಣು ಬಿಟ್ಟಿರುತ್ತಾನೆ.

ಈಗೀಗ ಗಿರಾಕಿಗಳು ಹೊಸದಾಗಿ ಏನನ್ನೂ ತರುವುದಿಲ್ಲ. ಎಲ್ಲರ ಫೋನಿನಲ್ಲೂ ಒಂದು ಪಿಡಿಎಫ್ ಇರುತ್ತದೆ. ಯಾರದೋ ಮದುವೆಯದು, ಯಾವುದೋ ಬ್ಯಾಂಕಿನದು, ಎಲ್ಲಿಂದಲೋ ಗಾಳಿಯಲ್ಲಿ ಬಂದದ್ದು. "ಇದರಲ್ಲಿರೋ ದೇವರು, ಅದರಲ್ಲಿರೋ ಹೂವು, ಇನ್ನೊಂದರಲ್ಲಿರೋ ಬಾರ್ಡರು, ಎಲ್ಲ ಸೇರ್ಸಿ ಒಂದ್ ಮಾಡ್ಕೊಡಿ ಸಾ" ಅನ್ನುತ್ತಾರೆ, ಹುಳಿಗೆ ಬೇಳೆ ತರಕಾರಿ ಹೇಳಿದ ಹಾಗೆ. ಪಿಡಿಎಫ್ ಅನ್ನುವುದು ತೆಂಗಿನಕಾಯಿ ಇದ್ದಂತೆ ಅಂತ ಇವರಿಗೆ ಹೇಗೆ ತಿಳಿಸುವುದು? ಹೊರಗಿಂದ ಎಲ್ಲವೂ ಗುಂಡಗೇ ಇರುತ್ತದೆ, ಒಳಗಿರುವುದು ಒಡೆದಾಗಲೇ ಗೊತ್ತಾಗುವುದು.

ಒಂದು ಸಲ ಚಿಕ್ಕಯ್ಯನಛತ್ರದ ಕಡೆಯ ಹಳ್ಳಿಯೊಂದರಿಂದ ಹಾಲಿನ ಡೇರಿಯ ಕಾರ್ಯದರ್ಶಿ ಬಂದರು. ಡೇರಿಗೆ ಐವತ್ತು ವರ್ಷ ತುಂಬಿದೆ, ಸ್ಮರಣ ಸಂಚಿಕೆ ಆಗಬೇಕು ಅಂದರು. ಕೂರಿ ಅಂದೆ. ಕೂರಲಿಲ್ಲ, ನಿಂತೇ ಕೈ ಮುಗಿದರು.

"ಸಾ, ಪುಸ್ತಕ ಎಂಗಾರ ಬರ್ಲಿ. ನಮ್ ಮಾವುನ್ ಫೋಟೋ ವಿಚಾರ್ದಲ್ಲಿ ಮಾತ್ರ ನನ್ ಕೈ ಬುಡ್ಬೇಡಿ."

ಇವರ ಮಾವ, ಅಂದರೆ ಹೆಂಡತಿಯ ಅಪ್ಪ, ಆ ಡೇರಿಯ ಹಿಂದಿನ ಅಧ್ಯಕ್ಷರು. ಅವರನ್ನು ಸೋಲಿಸಿ ಬಂದವರು ಈಗಿನ ಅಧ್ಯಕ್ಷರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬರು ಹಾಲು ಹಾಕಿ ಹೋಗುವ ತನಕ ಇನ್ನೊಬ್ಬರು ಕ್ಯಾನು ಹಿಡಿದು ಹುಣಸೆಮರದ ಹಿಂದೆ ನಿಂತಿರುತ್ತಾರಂತೆ. ಪುಸ್ತಕದಲ್ಲಿ 'ನಮ್ಮ ಹಿಂದಿನ ಅಧ್ಯಕ್ಷರುಗಳು' ಅಂತ ಒಂದು ಪುಟ. ಅದರಲ್ಲಿ ನನ್ನ ಫೋಟೋ ಇರಲೇಬೇಕು ಅಂತ ಮಾವ. ಆವಯ್ಯನ ಮೋರೆ ಇರೋ ಪುಸ್ತಕ ನಾನು ಮುಟ್ಟೋದಿಲ್ಲ ಅಂತ ಈಗಿನ ಅಧ್ಯಕ್ಷರು. ಮಧ್ಯದಲ್ಲಿ ನಮ್ಮ ಕಾರ್ಯದರ್ಶಿ.

"ಫೋಟೋ ಇದ್ರೆ ಡೇರೀಲಿ ಕೆಲ್ಸ ಓಯ್ತದೆ ಸಾ. ಇಲ್ದೆ ಓದ್ರೆ ಮನೇಲಿ ಕೂಳು ಓಯ್ತದೆ."

"ನಾನು ಪುಟ ಕಟ್ಟೋನು ಕಣ್ರೀ, ಪಂಚಾಯ್ತಿ ಮಾಡೋನಲ್ಲ" ಅಂದೆ. ಅಂದೆನೇ ಹೊರತು ಕೆಲಸ ಬೇಡ ಅನ್ನಲಿಲ್ಲ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

೧. ಹೆಬ್ಬೆಟ್ಟು

ಮಾವ ಅಧ್ಯಕ್ಷರಾಗಿದ್ದಾಗ ಡೇರಿಯ ಹೊಸ ಕಟ್ಟಡಕ್ಕೆ ಅಂತ ಒಂದು ಪುಸ್ತಕ ಮಾಡಿಸಿದ್ದರು. ಬೇಕಾದ ಚಿತ್ರಗಳೆಲ್ಲ ಅದರಲ್ಲೇ ಇದ್ದವು. ಕಾರ್ಯದರ್ಶಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪುಟ ಪುಟಕ್ಕೂ ಫೋನು ಹಿಡಿದು, ಪಿಡಿಎಫ್ ಮಾಡಿ ತಂದಿದ್ದರು.

ತೆರೆದು ನೋಡುತ್ತೇನೆ, ಎಲ್ಲ ಪುಟದಲ್ಲೂ ಒಂದು ಹೆಬ್ಬೆಟ್ಟು. ಕಟ್ಟಡದ ಬಾಗಿಲಲ್ಲಿ ಹೆಬ್ಬೆಟ್ಟು, ಹಾಲಿನ ಕ್ಯಾನಿನ ಪಕ್ಕ ಹೆಬ್ಬೆಟ್ಟು, ಸ್ವಾಗತ ಗೀತೆ ಹಾಡುತ್ತಿರುವ ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಯದು ಹೆಬ್ಬೆಟ್ಟು. ಅಧ್ಯಕ್ಷರುಗಳ ಪುಟದಲ್ಲಂತೂ ಸರಿಯಾಗಿ ಮಾವನ ಮುಖದ ಮೇಲೇ ಕೂತಿತ್ತು. ಅಕ್ಕಪಕ್ಕದವರೆಲ್ಲ ನಿಚ್ಚಳವಾಗಿ ನಗುತ್ತಿದ್ದರು.

"ಇದು ಯಾರ ಬೆರಳು?"

"ನಂದೇ ಸಾ."

"ನಿಮ್ಮ ಮಾವನ ಮುಖ ಎಲ್ಲಿ?"

"ಬೆಳ್ಳಡೀಲಿ ಅದೆ. ಕಂಪ್ಯೂಟರ್ನಲ್ಲಿ ಬೆಳ್ಳು ಅಳುಸ್ಬುಡಿ."

"ಬೆರಳು ಅಳಿಸಿದರೆ ಒಳಗೆ ಮುಖ ಇರಲ್ಲ ಕಣ್ರೀ."

"ಇರ್ದೆ ಎಲ್ಲೋದದು ಸಾ? ನಾನು ನೋಡ್ಕಂಡೇ ಇಟ್ಟಿದ್ದು."

ಬೆರಳು ಬೀಳದ ಹಾಗೆ ಇನ್ನೊಮ್ಮೆ ತೆಗೆದುಕೊಂಡು ಬನ್ನಿ ಅಂತ ಬೈದು ಕಳಿಸಿದೆ. ಮಾರನೇ ದಿನ ತಂದರು. ಈ ಸಲ ಎಡಗೈ ಹೆಬ್ಬೆಟ್ಟು. ಪುಟ ಮಡಿಸಿಕೊಳ್ಳುತ್ತದೆ, ಹಿಡಿಯದೆ ಹೇಗೆ ತೆಗೆಯುವುದು ಅಂತ ನನ್ನನ್ನೇ ಕೇಳಿದರು. "ಪುಸ್ತಕಾನ ನೆಲದ ಮೇಲೆ ಇಡಿ, ಎರಡು ಕೈಯಲ್ಲೂ ಫೋನ್ ಹಿಡೀರಿ, ಕೈ ಬೀಳಲೇಬಾರದು" ಅಂತ ಮಗುವಿಗೆ ಹೇಳಿದ ಹಾಗೆ ಹೇಳಿದೆ.

ಮೂರನೇ ಪಿಡಿಎಫ್ ಬಂತು. ಎಲ್ಲೂ ಕೈಯಿಲ್ಲ, ಪುಟಗಳು ನೆಟ್ಟಗೆ ಕೂತಿದ್ದವು. ಮಾವನ ಮುಖದ ಮೇಲೆ ಮಾತ್ರ ಮತ್ತೆ ಒಂದು ಹೆಬ್ಬೆಟ್ಟು, ಅದೂ ಹಿಂದಿನವಕ್ಕಿಂತ ದಪ್ಪನಾಗಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಅದು ಕಾಲಿನದು.

ನಾನು ಬಾಯಿ ತೆಗೆಯುವ ಮೊದಲೇ ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾರ್ ಕಾಲು ಅಂತ ನಮ್ ಮಾವುಂಗೆ ಗೊತ್ತಾಗಾಕಿಲ್ಲ, ಅಲ್ವಾ ಸಾ?"

೨. ಒರಿಜಿನಲ್ಲೇ ಬೇಕು

ಇವರನ್ನು ನಂಬಿದರೆ ಆಗುವುದಿಲ್ಲ ಅಂತ ನಾನೇ ಮಾವನಿಗೆ ಫೋನು ಮಾಡಿದೆ. ಆ ಹಳೇ ಪುಸ್ತಕವನ್ನು ಯಾರೋ ಕಂಪ್ಯೂಟರಿನಲ್ಲೇ ಮಾಡಿರುತ್ತಾರೆ, ಅವರು ಕೊಟ್ಟ ಫೈಲು ಸಿಕ್ಕಿದರೆ ಚಿತ್ರಗಳನ್ನು ಹಾಗೇ ಎತ್ತಿಕೊಳ್ಳಬಹುದು ಅಂತ ನನ್ನ ಆಸೆ.

"ಯಜಮಾನ್ರೇ, ಒರಿಜಿನಲ್ ಪಿಡಿಎಫ್ ಬೇಕಿತ್ತು. ಕಳಿಸ್ತೀರಾ?"

"ಒರಿಜಿನಲ್ಲೇ ಬೇಕಾ?"

"ಒರಿಜಿನಲ್ಲೇ ಬೇಕು."

"ಒರಿಜಿನಲ್ದು ನರಸೀಪುರದ್ ಕಡೀಕೆ ಟ್ರಾನ್ಸ್‌ಫರ್ ಆಗೋಯ್ತಲ್ಲ ಬುದ್ದಿ."

ಫೈಲು ಅಲ್ಲಿನ ಯಾವುದೋ ಪ್ರೆಸ್ಸಿಗೆ ಟ್ರಾನ್ಸ್‌ಫರ್ ಆಗಿರಬೇಕು ಅಂತ ನಾನು ತಿಳಿದೆ. "ಅಲ್ಲಿಂದಲೇ ತರಿಸಿ, ಪರವಾಗಿಲ್ಲ."

"ತರ್ಸಕ್ಕೆ ಆಗಾಕಿಲ್ಲ. ಈಗೆಲ್ಲ ಇನ್‌ಚಾರ್ಜಲ್ಲೇ ನಡೀತಾ ಅದೆ."

ಫೋನು ಚಾರ್ಜಿಗೆ ಹಾಕಿದ್ದಾರೆ ಅಂದುಕೊಂಡೆ. "ಆಗಲಿ, ಪೂರ್ತಿ ಚಾರ್ಜ್ ಆದಮೇಲೆ ಕಳಿಸಿ. ಅರ್ಜೆಂಟಿಲ್ಲ."

"ಪೂರ್ತಿ ಚಾರ್ಜು ಕೊಡದು ಸರ್ಕಾರದೋರ್ ಕೈಲದೆ. ಇರ್ಲಿ ಬುಡಿ, ನಾಳೀಕೆ ನಾನೇ ಕರ್ಕ ಬತ್ತೀನಿ."

ಕರ್ಕ ಬತ್ತೀನಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಪಿಡಿಎಫನ್ನು ಯಾರೂ ಕರೆದುಕೊಂಡು ಬರುವುದಿಲ್ಲ.

ಮಾರನೇ ದಿನ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಹಿಂದೆ ಕೂತಿದ್ದವರು ಮಾವ, ಬಿಳಿ ಪಂಚೆ, ಮೀಸೆ. ಓಡಿಸುತ್ತಿದ್ದವರು ಬಗಲಿಗೆ ಬ್ಯಾಗು ನೇತುಹಾಕಿಕೊಂಡ, ಮುಖ ಬಾಡಿದ ಒಬ್ಬ ಮನುಷ್ಯ. "ಇವ್ರೇ ನೋಡಿ ನಮ್ ಪಿಡಿಓ" ಅಂದರು ಮಾವ. "ಒರಿಜಿನಲ್ ಅಲ್ಲ. ಇನ್‌ಚಾರ್ಜು. ನಡೀತದಾ?"

ಗ್ರಾಮ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಯನ್ನೇ ಕರೆತಂದಿದ್ದರು. ಆ ಪಾಪದ ಮನುಷ್ಯ ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗಿನಿಂದ ಕಾಗದಗಳನ್ನು ತೆಗೆದು, ನಾನು ಏನೂ ಕೇಳದಿದ್ದರೂ ಹೇಳತೊಡಗಿದರು. ಚರಂಡಿ ಕೆಲಸ ನನ್ನ ಕಾಲದ್ದಲ್ಲ, ಒರಿಜಿನಲ್ ಪಿಡಿಓ ಕಾಲದ್ದು. ಬೀದಿದೀಪದ್ದೂ ಅವರದೇ. ನೀರಿನ ಮೋಟಾರು ಸುಟ್ಟಿದ್ದು ಮಾತ್ರ ನಾನು ಬಂದಮೇಲೆ, ಆದರೆ ಅವತ್ತು ನಾನು ರಜಾ. ಯಾರು ದೂರು ಕೊಟ್ಟಿರುವುದು ಅಂತ ಒಂದು ಹೇಳಿಬಿಡಿ ಸರ್ ಅಂತ ಕೈ ಜೋಡಿಸಿದರು.

"ಅಯ್ಯೋ ನನಗೆ ಬೇಕಿದ್ದುದು ಪಿಡಿಎಫ್ ಕಣ್ರೀ, ಪಿಡಿಓ ಅಲ್ಲ" ಅಂದೆ. ಯಾವ ಪುಸ್ತಕದ್ದು ಅಂತಲೂ ಹೇಳಿದೆ.

ಪಿಡಿಓ ಮುಖದಲ್ಲಿ ಜೀವ ಬಂತು. "ಆ ಡೇರಿ ಪುಸ್ತಕಾನಾ? ನಮ್ಮ ಪಂಚಾಯ್ತಿ ಗ್ರೂಪಲ್ಲಿ ಯಾರೋ ಹಾಕಿದ್ರು ಸರ್" ಅಂತ ಫೋನು ತೆಗೆದು ಬೆರಳಾಡಿಸಿ, ನಿಂತ ಕಾಲಲ್ಲೇ ಕಳಿಸಿದರು. ತೆರೆದು ನೋಡಿದರೆ ಒಳ್ಳೇ ಫೈಲು, ಒಂದೂ ಬೆರಳಿಲ್ಲ.

ಮಾವ ಎದ್ದು ಪಂಚೆ ಕೊಡವಿಕೊಂಡರು. "ಅದ್ಕೇ ಕರ್ಕ ಬಂದಿದ್ದು. ಪಿಡಿಓ ಇಲ್ದೆ ನಮ್ ಕಡೆ ಯಾವ್ ಕೆಲ್ಸಾನೂ ಆಗಾಕಿಲ್ಲ."

೩. ತಳಿ

ಆ ಫೈಲಿನಲ್ಲಿ ಒಂದು ಚೆಂದದ ಹಸುವಿನ ಚಿತ್ರ ಇತ್ತು. ಅದನ್ನೇ ಎತ್ತಿ ಹೊಸ ಪುಸ್ತಕಕ್ಕೆ ಇಡೋಣ ಅಂದೆ. ಕಾರ್ಯದರ್ಶಿಗೆ ಅದಕ್ಕೂ ಭಯ. "ಇಡಿ ಸಾ. ಇದು ನಮ್ ಮಾವುನ್ ಕಾಲದ್ ಹಸ ಅಂತ ಮಾತ್ರ ಹೊಸ ಅಧ್ಯಕ್ಷರ್ಗೆ ಯೋಳ್ಬ್ಯಾಡಿ."

ಪಿಡಿಎಫ್ ಒಳಗೆ ಚಿತ್ರ ಇಡಿಯಾಗಿ ಇರುತ್ತದೆ ಅಂತ ಜನ ತಿಳಿದಿರುತ್ತಾರೆ. ಇರುವುದಿಲ್ಲ. ಬಿಡಿ ಬಿಡಿಯಾಗಿ ಒಂದರ ಮೇಲೊಂದು ಪೇರಿಸಿರುತ್ತಾರೆ. ನಾನು ಹಸುವನ್ನು ಹಿಡಿದು ಎಳೆದರೆ ಬಿಳೀ ಮೈ ಮಾತ್ರ ಬಂತು, ಕಪ್ಪು ಮಚ್ಚೆಗಳೆಲ್ಲ ಹಿಂದೆಯೇ ಹುಲ್ಲಿನ ಮೇಲೆ ನಿಂತವು. ಬಾಲ ಒಂದು ಕಡೆ, ಕಿವಿ ಒಂದು ಕಡೆ. ಕೊಂಬು 'ಸುಸ್ವಾಗತ' ಅನ್ನುವ ಅಕ್ಷರಕ್ಕೆ ಅಂಟಿಕೊಂಡಿತ್ತು. ಎಲ್ಲವನ್ನೂ ಒಂದೊಂದಾಗಿ ಆಯ್ದು ತಂದು ಜೋಡಿಸುವ ಹೊತ್ತಿಗೆ ನನ್ನ ಕತ್ತು ಹಿಡಿದುಕೊಂಡಿತ್ತು.

ಕರಡು ನೋಡಲು ಡೇರಿಯ ನಿರ್ದೇಶಕರೆಲ್ಲ ಬಂದರು. ಒಬ್ಬರೂ ಒಂದಕ್ಷರ ಓದಲಿಲ್ಲ. ಎಲ್ಲರ ಕಣ್ಣೂ ಹಸುವಿನ ಮೇಲೆ.

"ಇದು ಹಸನಾ, ಹೋರಿನಾ?" ಅಂದರು ಹಿರಿಯರೊಬ್ಬರು.

"ಹಸು."

"ಕೆಚ್ಲೆಲ್ಲಿ?"

ನೋಡಿದರೆ ಹೌದು, ಕೆಚ್ಚಲು ಪಿಡಿಎಫ್‌ನಲ್ಲೇ ಹುಲ್ಲಿನ ಕೆಳಗೆ ಉಳಿದುಬಿಟ್ಟಿತ್ತು. ಹೋಗಿ ತಂದು ಸೇರಿಸಿದೆ. ಇಷ್ಟೇನಾ, ಇದು ಮೊದಲ ಸೂಲಿನ ಕಡಸಿನ ಕೆಚ್ಚಲು, ಡೇರಿ ಮರ್ಯಾದೆ ಏನಾಗಬೇಕು ಅಂದರು. ದೊಡ್ಡದು ಮಾಡಿದೆ. ಇನ್ನೊಂಚೂರು ಅಂದರು. ಇನ್ನೊಂಚೂರು ಮಾಡಿದೆ. ಒಂದು ಕಡೆ ಊದಿದ ಹಾಗದೆ, ಕೆಚ್ಚಲುಬಾವು ಇರಬೇಕು ಅಂತ ಇನ್ನೊಬ್ಬರು. ಅದನ್ನೂ ಸರಿಮಾಡಿದೆ. ಕಿವಿಗೆ ಓಲೆ ಇಲ್ಲ, ವಿಮೆ ಆಗದ ಹಸು ಡೇರಿ ಪುಸ್ತಕದಲ್ಲಿ ಹೆಂಗೆ ಬರ್ತದೆ ಅಂತ ಮತ್ತೊಬ್ಬರು. ಓಲೆ ಹಾಕಿದೆ. ಕೊನೆಗೆ ಎಲ್ಲರೂ ಒಪ್ಪಿದರು. ಸ್ವಂತ ಹಸುವನ್ನು ಹೀಗೆ ಯಾರಾದರೂ ನೋಡಿಕೊಂಡಿದ್ದರೆ ದೇಶ ಉದ್ಧಾರವಾಗುತ್ತಿತ್ತು.

ಇಷ್ಟು ಕಷ್ಟಪಟ್ಟಿದ್ದೇನಲ್ಲ ಅಂತ ಆ ಪುಟದ ಒಂದು ಪ್ರತಿ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದೆ. ಸೋಸಲೆಯಿಂದ ಗೃಹಪ್ರವೇಶದ ಕಾರ್ಡಿಗೆ ಬಂದಿದ್ದ ರೈತರೊಬ್ಬರು ಕಾರ್ಡು ಮರೆತು ಅದರ ಮುಂದೆಯೇ ನಿಂತುಬಿಟ್ಟರು.

"ಯಾರ್ದು ಸಾ ಈ ಹಸ? ಕೊಡಂಗಿದ್ರೆ ಯೋಳಿ."

"ಅದು ಕೊಡೋದಲ್ಲ ಯಜಮಾನ್ರೇ. ಪಿಡಿಎಫ್ ಹಸು."

ಅವರು ಕೆಚ್ಚಲನ್ನು ಇನ್ನೊಂದು ಸಲ ಬಗ್ಗಿ ನೋಡಿದರು. "ಎಚ್ಚೆಫ್ ಗೊತ್ತು, ಜರ್ಸಿ ಗೊತ್ತು. ಈ ಪಿಡಿಎಫ್ ತಳಿ ಹೊತ್ತಿಗೆ ಎಷ್ಟ್ ಲೀಟ್ರು ಕರೀತದೆ?"

೪. ಬಳ್ಳಿ ಬಾರ್ಡರು

ಸಮಾರಂಭಕ್ಕೆ ಮೊದಲು ಡೇರಿಯ ಸದಸ್ಯರಿಗೆಲ್ಲ ಒಂದು ಸಭೆಯ ತಿಳುವಳಿಕೆ ಪತ್ರ ಹೋಗಬೇಕಿತ್ತು. ಬರೀ ಅಕ್ಷರ ಇದ್ದರೆ ಜನ ಓದುವುದಿಲ್ಲ, ಸುತ್ತ ಬಳ್ಳಿ ಬಾರ್ಡರು ಇರಲಿ ಅಂತ ಕಾರ್ಯದರ್ಶಿ ತಮ್ಮ ಫೋನಿನಲ್ಲಿದ್ದ ಯಾರದೋ ಮದುವೆ ಕಾರ್ಡಿನ ಪಿಡಿಎಫ್ ಕೊಟ್ಟರು. ಒಳಗಿನ ಹೆಸರು, ಮುಹೂರ್ತ ಎಲ್ಲ ಅಳಿಸಿ ಬಾರ್ಡರು ಮಾತ್ರ ಉಳಿಸಿಕೊಂಡೆ. ಅದರಲ್ಲಿ ಎರಡು ಮೊಟ್ಟೆಯಾಕಾರದ ಚೌಕಟ್ಟುಗಳೂ ಇದ್ದವು. ಖಾಲಿ ಬಿಡುವುದೇಕೆ ಅಂತ ಒಂದರಲ್ಲಿ ಈಗಿನ ಅಧ್ಯಕ್ಷರ ಫೋಟೋ, ಇನ್ನೊಂದರಲ್ಲಿ ಕಾರ್ಯದರ್ಶಿಯ ಫೋಟೋ ಕೂರಿಸಿದೆ.

ನನಗೆ ಕಾಣದೇ ಹೋದದ್ದು ಏನೆಂದರೆ, ಆ ಬಳ್ಳಿಯ ಸುರುಳಿಗಳ ಒಳಗೇ ತೆಳು ಬಂಗಾರದ ಬಣ್ಣದಲ್ಲಿ ಅಕ್ಷರ ಬರೆದಿದ್ದರು. ತೆರೆಯ ಮೇಲೆ ಅದು ಬಳ್ಳಿಯಂತೆಯೇ ಇತ್ತು. ಪತ್ರ ಅಚ್ಚಾದದ್ದು ಒಂದೇ ಬಣ್ಣದಲ್ಲಿ, ಕಪ್ಪು. ಬಂಗಾರವೆಲ್ಲ ಕಪ್ಪಾಗಿ ಎದ್ದು ನಿಂತಿತು. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರ ನೆತ್ತಿಯ ಮೇಲೆ 'ಶುಭ ವಿವಾಹ' ಅಂತ. ಕೆಳಗಡೆ, 'ಹಾಲಿನ ಗುಣಮಟ್ಟದ ಬಗ್ಗೆ ಚರ್ಚಿಸಲಾಗುವುದು' ಅನ್ನುವ ಸಾಲಿನ ಅಡಿಯಲ್ಲಿ, 'ನಿಮ್ಮ ಆಶೀರ್ವಾದವೇ ಉಡುಗೊರೆ'.

ಪತ್ರ ಹಂಚಿ ಮುಗಿದಿತ್ತು. ಸಭೆಗೆ ಯಾವತ್ತೂ ಬಾರದವರೆಲ್ಲ ಬಂದರಂತೆ. ಒಬ್ಬ ಅಜ್ಜಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು, ಮುಯ್ಯಿ ಬರೆಯುವವರು ಎಲ್ಲಿ ಕೂತಿದ್ದಾರೆ ಅಂತ ವಿಚಾರಿಸಿದರಂತೆ. ಹೊಸ ಅಧ್ಯಕ್ಷರು ಪುಣ್ಯಕ್ಕೆ ನಕ್ಕು ಸುಮ್ಮನಾದರು.

ಕಾರ್ಯದರ್ಶಿ ಮಾತ್ರ ಸಂಜೆ ಅಂಗಡಿಗೆ ಬಂದು ಗೋಡೆಗೆ ಒರಗಿ ಕೂತರು. ಏನಾಯಿತು ಅಂದೆ.

"ಆ ಪತ್ರ ಇಟ್ಕಂಡು ನಮ್ ಮಾವ ಜಗ್ಲೀಲೇ ಕೂತಿದ್ರು ಸಾ. 'ಅವುನ್ನೇ ಕಟ್ಕಂಡಿದ್ದೀಯಲ್ಲಪ್ಪ, ಇನ್ ನಮ್ ಮಗಳ್ನ ಯಾಕ್ ಮಡೀಕಂಡಿದ್ದೀ, ಕಳುಸ್ಬುಡು' ಅಂದ್ರು."

೫. ಇಬ್ಬರದೂ ಒಂದೇ ಮಾತು

ಪುಸ್ತಕ ಅಚ್ಚಿಗೆ ಹೋಗುವ ದಿನ ಬಂತು. ಉಳಿದಿದ್ದುದು ಒಂದೇ ಪುಟ, ಆ ಹಿಂದಿನ ಅಧ್ಯಕ್ಷರುಗಳದು. ಮಾವನ ಫೋಟೋ ಇರಬೇಕೋ ಬೇಡವೋ ಅಂತ ತೀರ್ಮಾನವಾಗದೆ ಆ ಜಾಗ ಖಾಲಿ ಬಿಟ್ಟಿದ್ದೆ. ಮಾವ ಹೊಸ ಫೋಟೋ ತೆಗೆಸಿಕೊಳ್ಳಲು ಸುತರಾಂ ಒಪ್ಪಿರಲಿಲ್ಲ. ಈಗಿನ ಮೀಸೆ ಆಗಿನ ಹಾಗಿಲ್ಲ ಅನ್ನುವುದು ಅವರ ವಾದ. ಹಾಗಾಗಿ ಇದ್ದದ್ದು ಪಿಡಿಎಫ್ ಒಳಗಿನ ಆ ಒಂದೇ ಫೋಟೋ.

ಬೆಳಗ್ಗೆ ಮಾವ ಬಸ್ಸಿಳಿದು ಬಂದರು. ಜೊತೆಗೆ ಕಾರ್ಯದರ್ಶಿಯೂ ಬಂದಿದ್ದರು, ಕಸಾಯಿಖಾನೆಗೆ ಹೊರಟ ಕುರಿಯಂತೆ. ಮಾವ ಕುರ್ಚಿ ಎಳೆದುಕೊಂಡು ಕೂತು ಒಂದೇ ಮಾತು ಹೇಳಿದರು.

"ಆ ಪಿಡಿಎಫ್ನಲ್ಲಿ ನನ್ ಫೋಟೋ ಅದೆಯಲ್ಲ, ತೆಗ್ದಾಕಿ."

ನನಗೆ ಅರ್ಥವಾಯಿತು. ಅಲ್ಲಿಂದ ತೆಗೆದು ಇಲ್ಲಿ ಹಾಕಿ ಅಂತ. ಆಗಲಿ ಅಂತ ತಲೆಯಾಡಿಸುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಹೊಸ ಅಧ್ಯಕ್ಷರು. ಮಾವನನ್ನು ಕಂಡವರೇ ಹೊಸ್ತಿಲ ಮೇಲೇ ನಿಂತರು. ಮಾವ ತಿರುಗಿ ಫ್ಯಾನು ನೋಡತೊಡಗಿದರು. ಕಾರ್ಯದರ್ಶಿ ಕಂಪ್ಯೂಟರಿನ ಹಿಂದಕ್ಕೆ ಸರಿದರು.

"ಏನಂತೆ ಇವರ್ದು?" ಅಂತ ಅಧ್ಯಕ್ಷರು ಕಾರ್ಯದರ್ಶಿಯನ್ನು ಕೇಳಿದರು.

ಅವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. "ಫೋಟೋ ತೆಗ್ದಾಕಿ ಅಂದ್ರು ಸಾ."

ಅಧ್ಯಕ್ಷರ ಹುಬ್ಬು ಮೇಲಕ್ಕೆ ಹೋಯಿತು. "ಯಾರು, ಇವರೇ ಅಂದ್ರಾ? ಇವರ್ ಬಾಯಲ್ಲೇ?"

"ಊಂ ಸಾ."

ಅಧ್ಯಕ್ಷರು ಒಳಗೆ ಬಂದರು. ದನಿ ಮೆತ್ತಗಾಗಿತ್ತು. "ನಾನೂ ಅದ್ನೇ ಯೋಳವಾ ಅಂತ ಬಂದೆ. ತೆಗ್ದಾಕಿ."

ಈಗ ಹುಬ್ಬೇರಿಸುವ ಸರದಿ ಮಾವನದು. ತನ್ನ ಮೋರೆ ಕಂಡರಾಗದವನೇ ಬಂದು ತನ್ನ ಫೋಟೋ ಹಾಕಿ ಅನ್ನುತ್ತಿದ್ದಾನೆ ಅಂತ ಅವರು ತಿಳಿದರು. ಹಟ ಹಿಡಿದಿದ್ದ ಯಜಮಾನ ತಾನಾಗಿಯೇ ಫೋಟೋ ಬೇಡ, ತೆಗೆದುಬಿಡಿ ಅನ್ನುತ್ತಿದ್ದಾನೆ ಅಂತ ಅಧ್ಯಕ್ಷರು ತಿಳಿದರು. ಮಾವನ ಕಣ್ಣಂಚು ಒದ್ದೆಯಾಯಿತು.

"ದೊಡ್ ಮನ್ಸು ಕಣಪ್ಪ ನಿಂದು."

"ನಿಮ್ದು ಅದ್ಕಿನ್ನ ದೊಡ್ದು ಬುಡಿ. ನಾನೇ ಸಣ್ತನ ಮಾಡ್ದೆ."

ಕೈ ಹಿಡಿದುಕೊಂಡರು. ಇಷ್ಟು ವರ್ಷ ಮರದ ಹಿಂದೆ ನಿಂತವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಎದುರಿನ ಹೋಟೆಲಿಗೆ ಇಡ್ಲಿ ತಿನ್ನಲು ಹೋದರು. ಹೋಗುವಾಗ ಇಬ್ಬರೂ ತಿರುಗಿ ನೋಡಿ ಒಟ್ಟಿಗೇ ಅಂದರು, "ಮರೀಬ್ಯಾಡಿ, ತೆಗ್ದಾಕಿ."

ಅಂಗಡಿಯಲ್ಲಿ ಉಳಿದವರು ನಾವಿಬ್ಬರೇ. ಒಬ್ಬರು ಹೇಳಿದ್ದು ಹಾಕು ಅಂತ, ಇನ್ನೊಬ್ಬರು ಹೇಳಿದ್ದು ತೆಗೆ ಅಂತ, ಲೋಕದಲ್ಲಿ ಅದು ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಕಾರ್ಯದರ್ಶಿ ನೆಲದ ಮೇಲೆ ಕುಕ್ಕರಿಸಿದರು. "ಮೊದ್ಲು ಕೆಲ್ಸ ಇಲ್ಲಾಂದ್ರೆ ಕೂಳು, ಎರಡ್ರಲ್ಲಿ ಒಂದು ಓಗ್ತಿತ್ತು ಸಾ. ಈಗ ನಿಜ ಗೊತ್ತಾದ್ರೆ ಎರಡೂ ಓಯ್ತವೆ" ಅಂದರು. ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಆಸಾಮಿ ಒಳ್ಳೆಯವನು, ಬೆರಳು ಎಲ್ಲಿಡಬೇಕು ಅಂತ ಗೊತ್ತಿಲ್ಲ ಅಷ್ಟೇ.

ಆಮೇಲೆ ಒಂದು ಉಪಾಯ ಹೊಳೆಯಿತು. ಮದುವೆ ಕಾರ್ಡುಗಳಲ್ಲಿ ಅಕ್ಷರದ ಹಿಂದೆ ಗೋಪುರವನ್ನು ಮಾಸಲು ಮಾಸಲಾಗಿ, ಕಂಡೂ ಕಾಣದ ಹಾಗೆ ಹಾಕುತ್ತೇವಲ್ಲ, ಮಾವನನ್ನೂ ಹಾಗೇ ಹಾಕಿಬಿಡುವುದು. ಸಾಲಿನಿಂದ ಫೋಟೋ ತೆಗೆದಿದ್ದೇವೆ ಅಂತ ಅಧ್ಯಕ್ಷರಿಗೆ ಹೇಳಬಹುದು. ಹತ್ತಿರ ಹಿಡಿದು ನೋಡಿ, ಪುಟದ ಹಿಂದೆಲ್ಲ ನೀವೇ ಇದ್ದೀರಿ ಅಂತ ಮಾವನಿಗೆ ಹೇಳಬಹುದು. ಒಂದು ಪುಟಕ್ಕೆ ಮಾತ್ರ ಹಾಕಿದರೆ ಅನುಮಾನ ಬರುತ್ತದೆ ಅಂತ ಎಲ್ಲ ಪುಟಕ್ಕೂ ಬರುವ ಹಾಗೆ ಮಾಡಿದೆ. ತೆರೆಯ ಮೇಲೆ ನೋಡಿದರೆ ಮಾವ ಮಂಜಿನೊಳಗೆ ನಿಂತ ಹಾಗೆ ಕಾಣುತ್ತಿದ್ದರು. ಕಾರ್ಯದರ್ಶಿ ನನ್ನ ಕಾಲಿಗೆ ಬೀಳಲು ಬಂದರು, ಬೇಡ ಅಂದೆ. ಫೈಲನ್ನು ನರಸೀಪುರಕ್ಕೆ ಕಳಿಸಿದೆ.

ಸಮಾರಂಭದ ಹಿಂದಿನ ದಿನ ಭಾವಮೈದನಿಗೆ ಫೋನು ಮಾಡಿ, ಹಿಂದುಗಡೆಯ ಫೋಟೋ ಹೇಗೆ ಬಂದಿದೆ ಅಂತ ಕೇಳಿದೆ.

"ಫಸ್ಟ್ ಕ್ಲಾಸ್ ಬಂದದೆ ಭಾವ. ಮೀಸೆಯ ಒಂದೊಂದ್ ಕೂದ್ಲೂ ಎಣಿಸ್ಬೋದು."

ಇವನದೊಂದು ತಮಾಷೆ ಅಂತ ನಕ್ಕು ಫೋನಿಟ್ಟೆ. ಅವನ ಪ್ರೆಸ್ಸಿನ ಕಂಪ್ಯೂಟರು ಹಳೆಯದು. ಮಾಸಲು ಅನ್ನುವುದೇ ಅದಕ್ಕೆ ತಿಳಿಯುವುದಿಲ್ಲ. ಚಿತ್ರ ಇದ್ದರೆ ಪೂರ್ತಿ ಮಸಿ, ಇಲ್ಲದಿದ್ದರೆ ಇಲ್ಲ. ಈ ವಿಷಯ ನನಗೆ ತಿಳಿದದ್ದು ಮಾರನೇ ದಿನ, ಶಾಮಿಯಾನದ ಕೆಳಗೆ.

ವೇದಿಕೆಯ ಮೇಲೆ ಮಾವ, ಅಧ್ಯಕ್ಷರು ಅಕ್ಕಪಕ್ಕ ಕೂತಿದ್ದರು. ಊರೆಲ್ಲ ಅದನ್ನು ನೋಡಲೆಂದೇ ಬಂದಿತ್ತು. ಪುಸ್ತಕದ ಕಟ್ಟುಗಳು ನರಸೀಪುರದಿಂದ ಆಟೋದಲ್ಲಿ ನೇರವಾಗಿ ಅಲ್ಲಿಗೇ ಬಂದಿದ್ದವು. ನನಗೂ ಒಂದು ಶಾಲು ಇದೆ ಅಂತ ಮುಂದಿನ ಸಾಲಲ್ಲಿ ಕೂರಿಸಿದ್ದರು. ಬಂದಿದ್ದ ಅತಿಥಿಗಳು ಟೇಪು ಬಿಚ್ಚಿ ಪುಸ್ತಕ ತೆರೆದರು. ಮುಂದಿನ ಪುಟ ತಿರುಗಿಸಿದರು. ಅದರ ಮುಂದಿನದನ್ನೂ ತಿರುಗಿಸಿದರು. ಆಮೇಲೆ ತಲೆಯೆತ್ತಿ ಮಾವನನ್ನೊಮ್ಮೆ ನೋಡಿ, ಮತ್ತೆ ಪುಸ್ತಕ ನೋಡಿದರು.

ಪ್ರತಿ ಪುಟದ ತುಂಬಾ ಮಾವ, ಅಂಚಿನಿಂದ ಅಂಚಿಗೆ, ಕಡುಗಪ್ಪಾಗಿ. ಅಧ್ಯಕ್ಷರ ಸಂದೇಶ ಮಾವನ ಹಣೆಯ ಮೇಲೆ ಇತ್ತು. ಅಧ್ಯಕ್ಷರ ಫೋಟೋ ಮಾವನ ಎಡಗಣ್ಣಿನಲ್ಲಿ ಮುಳುಗಿತ್ತು. ಪಶು ಆಹಾರದ ಪುಟದಲ್ಲಿ ನಮ್ಮ ಹಸು ಮಾವನ ಮೀಸೆ ಮೇಯುತ್ತಿತ್ತು. ಹಿಂದಿನ ಅಧ್ಯಕ್ಷರುಗಳ ಪುಟದಲ್ಲಿ ಎಲ್ಲರೂ ಸಣ್ಣ ಸಣ್ಣಗೆ ಅವರ ಗಲ್ಲದ ಮೇಲೆ ಗುಳ್ಳೆ ಎದ್ದ ಹಾಗೆ ಇದ್ದರು. ಭಾವಮೈದನನ್ನು ಆಮೇಲೆ ಕೇಳಿದರೆ, ಯಾರೋ ದೊಡ್ಡೋರು ತೀರ್ಕೊಂಡವ್ರೆ ಅಂತ ಕೈ ಮುಗಿದು ಮಿಷನ್ ಹಾಕ್ದೆ ಭಾವ ಅಂದ.

ಮೊದಲು ಎದ್ದವರು ಮಾವ. ಮುಖ ಕೆಂಪಾಗಿತ್ತು.

"ಯಾರಪ್ಪ ಅದು ಡಿಟಿಪಿಯೋನು? ಬಾ ಇಲ್ಲಿ. ಈವಯ್ಯ ದೊಡ್ ಮನ್ಸು ಮಾಡಿ ಬಂದ್ರೆ, ಇವರ್ ಮೋರೆ ಮ್ಯಾಲೆಲ್ಲ ನನ್ ಮೀಸೆ ಮಡ್ಗಿದ್ದೀಯಲ್ಲ. ಅವತ್ತು ನಾನು ಏನಂದೆ ನಿಂಗೆ?"

"ತೆಗ್ದಾಕಿ ಅಂದ್ರಿ" ಅಂದೆ.

ಅಧ್ಯಕ್ಷರೂ ಎದ್ದರು. "ನಾನು ಏನಂದೆ?"

"ತೆಗ್ದಾಕಿ ಅಂದ್ರಿ."

ನನ್ನ ಸಿಟ್ಟು ನೆತ್ತಿಗೇರಿತ್ತು. ಒಂದೇ ಒಂದು ಮಾತು ಬಿಡಿಸಿ ಹೇಳಿದ್ದರೆ ಇಬ್ಬರ ಬಾಯಿಯೂ ಮುಚ್ಚಿಹೋಗುತ್ತಿತ್ತು. ಅಷ್ಟರಲ್ಲಿ ಅವರ ಹಿಂದೆ ಶಾಲಿನ ತಟ್ಟೆ ಹಿಡಿದು ನಿಂತಿದ್ದ ಕಾರ್ಯದರ್ಶಿಯ ಮುಖ ಕಂಡಿತು. ಬೇಡ ಸಾ, ಬೇಡ ಸಾ ಅಂತ ತಲೆ ಅಲ್ಲಾಡಿಸುತ್ತಿದ್ದರು. ಬಂದ ಮಾತನ್ನು ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೊಂದೇ ಸಲ.

ಮಾವ ಅಧ್ಯಕ್ಷರ ಹೆಗಲ ಮೇಲೆ ಕೈಯಿಟ್ಟರು. ಇಬ್ಬರೂ ಸೇರಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಕೇಳಿದವರು ಮಾವ.

"ಅಲ್ಲ ಕಣಯ್ಯ, ಇಬ್ರು ಅಧ್ಯಕ್ಷರೂ ಬಂದು ಒಂದೇ ಮಾತ್ ಯೋಳಿದ್ರೂ ತಿಳ್ಯಾಕಿಲ್ವಲ್ಲ, ನಿಂಗೆ ಕನ್ನಡ ಬತ್ತದೋ ಇಲ್ವೋ?"